ಮಿಷಿನ್ನೂ ಇಲ್ಲ ಅಂತು

ಮೂಗಿನ ಬುಡದ ತಗ್ಗಿನಿಂದ ತಲೆಯ ಹಿಂದಿನ ಮೂಳೆಯ ಉಬ್ಬಿನವರೆಗೆ ಮೂವತ್ತಾರು ಸೆಂಟಿಮೀಟರ್. ಅದರ ಹತ್ತನೇ ಒಂದು ಪಾಲು ಮೂರು ಪಾಯಿಂಟ್ ಆರು. ಅಲ್ಲಿ ಕೆಂಪು ಪೆನ್ಸಿಲಿನಿಂದ ಒಂದು ಗುರುತು. ಅಲ್ಲಿಂದ ಏಳು ಪಾಯಿಂಟ್ ಎರಡಕ್ಕೆ ಇನ್ನೊಂದು. ಆಮೇಲೆ ಕಿವಿಯಿಂದ ಕಿವಿಗೆ ಟೇಪು. ಹೀಗೆ ಒಂದು ತಲೆಗೆ ಇಪ್ಪತ್ತೊಂದು ಗುರುತು ಹಾಕಿ, ಒಂದೊಂದರ ಮೇಲೂ ಪೇಸ್ಟು ಹಚ್ಚಿ, ಅಂಗಿಯ ಗುಂಡಿಯಷ್ಟಗಲದ ಬಿಲ್ಲೆ ಕೂರಿಸಬೇಕು. ಮೊದಲ ತಿಂಗಳು ಇದಕ್ಕೆ ನನಗೆ ಒಂದು ಗಂಟೆ ಹಿಡಿಯುತ್ತಿತ್ತು. ಕೈ ಪಳಗಿದ ಮೇಲೆ ಇಪ್ಪತ್ತೆರಡು ನಿಮಿಷ.

ಒಂಬತ್ತು ವರ್ಷ ಈ ಕೆಲಸ ಮಾಡಿದೆ. ನಿವೃತ್ತಿ ಎಂಬ ಮಾತಿಗೆ ನನ್ನ ವಯಸ್ಸು ಒಪ್ಪುವುದಿಲ್ಲ, ಈಗ ಮೂವತ್ತೆರಡು. ಆದರೂ ಈ ಕೆಲಸಕ್ಕೆ ನಾನು ಮತ್ತೆ ಹೋಗುವುದಿಲ್ಲವಾದ್ದರಿಂದ ನಿವೃತ್ತಿ ಎಂದೇ ಇಟ್ಟುಕೊಳ್ಳೋಣ. ಬಿಟ್ಟ ಕಾರಣ ಇಲ್ಲಿ ಬೇಕಿಲ್ಲ. ನನ್ನ ಜಾಗಕ್ಕೆ ಬಂದ ಇಬ್ಬರು ಹುಡುಗಿಯರು, "ಅಕ್ಕ, ಪುಸ್ತಕದಲ್ಲಿ ಇಲ್ಲದ್ದು ಏನಾದರೂ ಇದ್ದರೆ ಬರೆದುಕೊಡಿ" ಎಂದು ಕೇಳಿದ್ದರು. ಇದು ಅವರಿಗೆ.

ನಮ್ಮದು ಒಂದು ಸಣ್ಣ ಟ್ರಸ್ಟಿನ ನರರೋಗ ಚಿಕಿತ್ಸಾಲಯ. ಮಧುಗಿರಿಯಲ್ಲಿ ಎರಡು ಕೋಣೆ, ಒಂದು ವ್ಯಾನು, ಒಬ್ಬರು ಡಾಕ್ಟರು. ಅವರನ್ನು ಎಲ್ಲರೂ ಮೇಡಂ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಬರೆಯುತ್ತೇನೆ. ತಿಂಗಳಲ್ಲಿ ಒಂದೊಂದು ವಾರ ಒಂದೊಂದು ಊರು: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಮಿದುಳಿನ ಅಲೆಗಳನ್ನು ದಾಖಲಿಸುವ ಇಇಜಿ ಯಂತ್ರ ವ್ಯಾನಿನಲ್ಲಿ ನನ್ನ ಪಕ್ಕದಲ್ಲೇ ಕೂತು ಬರುತ್ತಿತ್ತು.

ಮೊದಲ ಪಾಠ ಎಣ್ಣೆಯದು. ನಮ್ಮ ಕಡೆ ಪೇಟೆಗೆ ಹೊರಟ ಹೆಂಗಸು ತಲೆಗೆ ಎಣ್ಣೆ ಹಚ್ಚಿ, ಬಿಗಿಯಾಗಿ ಬಾಚಿ, ಜಡೆ ಹಾಕಿಕೊಂಡೇ ಹೊರಡುವುದು. ಡಾಕ್ಟರ ಮುಂದೆ ಕೆದರಿದ ತಲೆಯಲ್ಲಿ ಕೂರುವುದು ಮರ್ಯಾದೆಯಲ್ಲ. ಎಣ್ಣೆ ಇದ್ದರೆ ಬಿಲ್ಲೆ ನಿಲ್ಲುವುದಿಲ್ಲ, ರೇಖೆ ಕುಣಿಯುತ್ತದೆ. "ಎಣ್ಣೆ ಹಚ್ಚದೆ ಬನ್ನಿ" ಎಂದು ಚೀಟಿ ಬರೆದು ಕೊಟ್ಟೆ. ಮುಂದಿನ ಸಲ ಬಡವನಹಳ್ಳಿ ಕಡೆಯ ಅಜ್ಜಿಯೊಬ್ಬಳು ನೆತ್ತಿಗೆ ಅಂಗೈಯಗಲ ಹರಳೆಣ್ಣೆ ಮೆತ್ತಿಸಿಕೊಂಡು ಬಂದಳು.

"ಚೀಟಿ ಓದಲಿಲ್ವಾ ಅಜ್ಜಿ?"

"ಓದ್ಸಿದ್ನಲ್ಲವ್ವಾ. ಕೊಬ್ರಿ ಎಣ್ಣೆ ಬ್ಯಾಡ ಅಂದಂಗಿತ್ತು. ಇದು ತಂಪಿಗೆ ಕಣಮ್ಮ. ನಿನ್ ಮಿಷಿನ್ನು ಕರೆಂಟ್ ಕೊಟ್ರೆ ತಲೆ ಕಾದ್ಹೋಗಾಕಿಲ್ವಾ?"

ಅವತ್ತಿನಿಂದ ಪ್ರತಿಯೊಬ್ಬರಿಗೂ ಮೊದಲು ಹೇಳುತ್ತಿದ್ದ ಮಾತು ಒಂದೇ: ಈ ಯಂತ್ರ ಏನನ್ನೂ ಕೊಡುವುದಿಲ್ಲ, ಬರೀ ಕೇಳಿಸಿಕೊಳ್ಳುತ್ತದೆ. ಏನನ್ನು ಎಂದು ಕೇಳಿದವರಿಗೆ ಸಂತೆಯ ಉದಾಹರಣೆ ಕೊಡುತ್ತಿದ್ದೆ. ಸಂತೆಯಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಮಾತು ಆಡುತ್ತಿರುತ್ತಾರೆ. ಊರ ಹೊರಗೆ ನಿಂತವನಿಗೆ ಅದು ಗುಂಯ್ ಎಂಬ ಒಂದೇ ಸದ್ದು. ಮಿದುಳಿನ ನರಕೋಶಗಳೂ ಹಾಗೆ. ಒಂದು ಕೋಶ ಪಕ್ಕದ್ದಕ್ಕೆ ಸುದ್ದಿ ಮುಟ್ಟಿಸುತ್ತದೆ, ಅದು ಇನ್ನೊಂದಕ್ಕೆ. ನೀವು ಮುದ್ದೆ ಮುರಿಯುವುದು, ಮಗಳ ಹೆಸರು ಕರೆಯುವುದು, ಸಿಟ್ಟು ಬಂದರೂ ಸುಮ್ಮನಿರುವುದು, ಎಲ್ಲವೂ ಆ ಮಾತುಕತೆಯ ಫಲ. ನಾವು ತಲೆಯ ಹೊರಗೆ ನಿಂತು ಆ ಗುಂಯ್ ಸದ್ದನ್ನು ಗೆರೆಯಾಗಿ ಬರೆಯುತ್ತೇವೆ. ಸಂತೆಯ ಒಂದು ಮೂಲೆಯಲ್ಲಿರುವವರೆಲ್ಲ ಇದ್ದಕ್ಕಿದ್ದಂತೆ ಒಂದೇ ಮಾತನ್ನು ಒಟ್ಟಿಗೆ ಕೂಗತೊಡಗಿದರೆ ಅದು ಫಿಟ್ಸು. ಕೂಗಿದ ಮೂಲೆ ಯಾವುದು ಎಂಬುದರ ಮೇಲೆ ಮೈ ಏನು ಮಾಡುತ್ತದೆ ಎಂಬುದು ನಿಂತಿದೆ. ಕೈ ಆಳುವ ಮೂಲೆಯಾದರೆ ಕೈ ಅದುರುತ್ತದೆ. ನೆನಪು, ವಾಸನೆಗಳ ಮೂಲೆಯಾದರೆ ಮನುಷ್ಯ ಬೀಳುವುದೇ ಇಲ್ಲ, ಎದುರಿಗೆ ನಿಂತಿದ್ದೇ ಇಲ್ಲದಂತಾಗುತ್ತಾನೆ.

ಇದನ್ನು ನಾನು ಪದವಿಯಲ್ಲಿ ಓದಿದ್ದೆ. ನಂಬಿದ್ದು ಕೊರಟಗೆರೆಯಲ್ಲಿ. ಅಲ್ಲಿ ನಿವೃತ್ತ ಹೆಡ್‌ಮೇಷ್ಟ್ರೊಬ್ಬರಿಗೆ ಮಿದುಳಿನ ಬಲಭಾಗಕ್ಕೆ ರಕ್ತ ಸರಿಯಾಗಿ ಹೋಗದೆ ಪಾರ್ಶ್ವವಾಯು ಬಡಿದಿತ್ತು. ಮೇಡಂ ಮನೆಗೇ ಹೋಗಿ ನೋಡಿದರು, ನಾನೂ ಜೊತೆಗಿದ್ದೆ. ಅವರ ಹೆಂಡತಿಯ ದೂರು ಪಾರ್ಶ್ವವಾಯುವಿನದಲ್ಲ.

"ತಟ್ಟೇಲಿ ಪಲ್ಯ ಹಂಗೇ ಬುಡ್ತಾರೆ ಮೇಡಂ. ಮುದ್ದೆ ತಿಂತಾರೆ, ಸಾರು ತಿಂತಾರೆ, ಪಲ್ಯ ಮಾತ್ರ ಮುಟ್ಟಲ್ಲ. ನಲವತ್ತು ವರ್ಷ ಆದ್ಮೇಲೆ ನನ್ ಕೈ ಪಲ್ಯದ ಮೇಲೆ ಸೇಡು!"

ಮೇಷ್ಟ್ರು ಊಟಕ್ಕೆ ಕೂತಿದ್ದರು. ಮೇಡಂ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದರು. ಎಡಗಡೆ ಇದ್ದ ಹುರುಳಿಕಾಯಿ ಪಲ್ಯ ಬಲಗಡೆಗೆ ಬಂತು. ಮೇಷ್ಟ್ರು ಹೆಂಡತಿಯತ್ತ ನೋಡಿ, "ಇಷ್ಟೊತ್ತು ಎಲ್ಲಿ ಬಚ್ಚಿಟ್ಟಿದ್ದೆ ಇದನ್ನ?" ಎಂದು ಗದರಿದರು. ಅವರ ಕಣ್ಣು ಸರಿಯಾಗಿಯೇ ಇತ್ತು. ಎಡಗಡೆ ಎಂಬ ಅರ್ಧ ಲೋಕವೇ ಅವರ ಮಿದುಳಿಗೆ ಇಲ್ಲವಾಗಿತ್ತು. ಆ ಹೆಂಗಸು ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕದ್ದು ನೆನಪಿದೆ. ಸೇಡಲ್ಲ ಎಂದು ಗೊತ್ತಾದದ್ದೇ ಅವರಿಗೆ ಅರ್ಧ ಔಷಧಿ.

ಇಷ್ಟು ಕಂಡಿದ್ದವಳು ನಾನು. ಆದರೂ ನನ್ನ ದೊಡ್ಡ ತಪ್ಪು ಇದೇ ವಿಷಯದಲ್ಲಿ, ಮೂರನೇ ವರ್ಷದಲ್ಲಿ, ಶಿರಾದಲ್ಲಿ ಆಯಿತು.

ಹುಲಿಕುಂಟೆ ಕಡೆಯ ಒಂದು ಹಟ್ಟಿಯಿಂದ ಮೂವರು ಬಂದಿದ್ದರು. ಚಂದ್ರಕಲಾ, ಇಪ್ಪತ್ಮೂರು ವರ್ಷ. ಗಂಡ ರಾಜಣ್ಣ. ಅತ್ತೆ ಈರಕ್ಕ. ಕುರಿ ಸಾಕುವ ಮನೆ. ಎರಡು ವರ್ಷದ ಹೆಣ್ಣುಮಗುವನ್ನು ಹಟ್ಟಿಯಲ್ಲೇ ಬಿಟ್ಟು ಬಂದಿದ್ದರು. ದೂರನ್ನೆಲ್ಲ ಈರಕ್ಕನೇ ಹೇಳಿದಳು. ಸೊಸೆ ಕೆಲಸದ ನಡುವೆ ನಿಂತುಬಿಡುತ್ತಾಳೆ. ಬಾಯಲ್ಲಿ ಏನೂ ಇಲ್ಲದೆ ಅಗಿಯುತ್ತಾಳೆ. ಕರೆದರೆ ಓಗೊಡುವುದಿಲ್ಲ. ಒಂದು ದಿನ ಕುರಿರೊಪ್ಪದ ಬಾಗಿಲು ತೆಗೆದು ಮರಿಗಳನ್ನೆಲ್ಲ ಹೊರಗೆ ಬಿಟ್ಟಿದ್ದಾಳೆ. ಆಮೇಲೆ ಕೇಳಿದರೆ "ನಾನಲ್ಲ" ಅನ್ನುತ್ತಾಳೆ.

"ಮೊದ್ಲು ದೇವ್ರ ತಾವ ಕೇಳುಸ್ದೋ. ನಮ್ ಕಡೆಯಿಂದೇನೂ ಇಲ್ಲ ಅಂತು ದೇವ್ರು. ಇನ್ನು ನೀವೇ ಹೇಳ್ಬೇಕು."

ಅವತ್ತು ತುಮಕೂರಿನಿಂದ ತುರ್ತು ಕರೆ ಬಂದು ಮೇಡಂ ಮಧ್ಯಾಹ್ನವೇ ಹೊರಟಿದ್ದರು. ನಾನು ಅರ್ಧ ಗಂಟೆ ರೇಖೆ ತೆಗೆದೆ. ತಪ್ಪೇನೂ ಕಾಣಲಿಲ್ಲ. ರೇಖೆ ತೆಗೆಯುವುದು ನನ್ನ ಕೆಲಸ, ಓದಿ ಹೇಳುವುದು ಮೇಡಂ ಕೆಲಸ, ಇದು ಮೊದಲ ದಿನವೇ ಹಾಕಿಕೊಟ್ಟ ಗೆರೆ. ಆದರೆ ಬಿಲ್ಲೆ ಬಿಡಿಸುವಾಗ ಚಂದ್ರಕಲಾ ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ಧೈರ್ಯ ಹೇಳೋಣವೆನಿಸಿತು.

"ಏನಾರ ಐತೇನಮ್ಮ?" ಎಂದು ಈರಕ್ಕ ಕೇಳಿದಳು.

"ಏನೂ ಇಲ್ಲ. ಎಲ್ಲ ನಾರ್ಮಲ್ ಇದೆ. ಮುಂದಿನ ತಿಂಗಳು ಮೇಡಂ ನೋಡ್ತಾರೆ, ಬನ್ನಿ."

ಮುಂದಿನ ತಿಂಗಳು ಅವರು ಬರಲಿಲ್ಲ. ಗುಣವಾಗಿರಬೇಕು ಅಂದುಕೊಂಡೆ. ಬರದವರೆಲ್ಲ ಗುಣವಾದವರು ಎಂದು ಲೆಕ್ಕ ಹಾಕುವುದು ನಮ್ಮ ಕೆಲಸದ ಕೆಟ್ಟ ಅಭ್ಯಾಸ.

ಬಂದದ್ದು ಚಂದ್ರಕಲಾಳ ತಾಯಿ ನರಸಮ್ಮ, ನಾಗಲಮಡಿಕೆಯ ಆಚೆಯಿಂದ, ಎರಡು ಬಸ್ಸು ಬದಲಿಸಿ, ನೇರ ಮಧುಗಿರಿಯ ಕೋಣೆಗೆ. ಬಾಗಿಲಲ್ಲೇ ನಿಂತು ನನ್ನನ್ನು ಅಳೆದು ನೋಡಿದಳು.

"ಏನೂ ಇಲ್ಲ ಅಂದಿದ್ದು ನೀನೇ ಕದಮ್ಮಾ?"

"ಹೌದು."

"ನೋಡಮ್ಮಾ, ದೇವ್ರೂ ಇಲ್ಲ ಅಂತು, ಮಿಷಿನ್ನೂ ಇಲ್ಲ ಅಂತು. ಇನ್ನೇನು ಉಳೀತು? ಬೇಕಂತ್ಲೇ ಮಾಡ್ತಾಳೆ ಅಂದ್ಬುಟ್ರು. ಬರೋ ಸೋಮವಾರ ಹಟ್ಟೀಲಿ ನ್ಯಾಯ ಸೇರುಸ್ತಾರೆ. ಸಂಬಂಧ ಬಿಡುಗಡೆ ಮಾಡಿ ತವರಿಗೆ ಕಳಿಸ್ತಾರಂತೆ. ಬಿಡ್ಡ ಮಾತ್ರ ಅವ್ರ ಹತ್ರ ಉಳೀಬೇಕಂತೆ." ಬಿಡ್ಡ ಎಂದರೆ ಅವರ ಕಡೆಯ ತೆಲುಗು ಬೆರೆತ ಮಾತಿನಲ್ಲಿ ಮಗು. "ಎರಡು ವರ್ಷದ ಪಾಪ ಅಮ್ಮಾ ಅದು. ನೀನು ಆ ಒಂದು ಮಾತು ಆಡ್ದೆ ನೋರು ಮುಚ್ಕೊಂಡು ಇದ್ದಿದ್ರೆ ಆಗ್ತಿರ್ಲಿಲ್ವಾ?"

ನಾನು ಮೇಡಂ ಹತ್ತಿರ ಹೋಗಿ ನಡೆದದ್ದನ್ನು ಹೇಳಿದೆ, ಒಂದು ಪದವನ್ನೂ ಬಿಡದೆ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಪಾವಗಡದ ಒಳಹಳ್ಳಿಗೆ ಬಸ್ಸು ದಿನಕ್ಕೆ ಎರಡು. ನೀನು ಮಧ್ಯಾಹ್ನ ಅರ್ಧ ಗಂಟೆ ರಸ್ತೆ ಪಕ್ಕ ನಿಂತು, ಈ ಊರಿಗೆ ಬಸ್ಸೇ ಇಲ್ಲ ಅಂತ ಬರೀತೀಯಾ?"

"ಇಲ್ಲ ಮೇಡಂ."

"ಬಾಯಿಬಿಟ್ಟು ಹೇಳಿಬಿಟ್ಟಿದ್ದೀಯಲ್ಲ." ಕನ್ನಡಕ ಮತ್ತೆ ಹಾಕಿಕೊಂಡು ಅಂದರು, "ಆ ಹುಡುಗೀನ ರಾತ್ರಿ ನಿದ್ದೆಗೆಡಿಸಿ ಕರೆಸು. ಇಲ್ಲಿ ಮಲಗಿಸಿ ತೆಗೆಯೋಣ. ಕರೆಯೋಕೆ ನೀನೇ ಹೋಗು. ಚೀಟಿ ಕಳಿಸಬೇಡ."

ನಿದ್ದೆಗೆಟ್ಟ ಮಿದುಳು ನಿದ್ದೆಗೆ ಜಾರುವಾಗ ಅಡಗಿದ್ದದ್ದು ಕೆಲವೊಮ್ಮೆ ಹೊರಗೆ ಬರುತ್ತದೆ. ಮೊದಲ ಸಲವೇ ಅದನ್ನು ಮಾಡಬಹುದಿತ್ತು.

ಮರುದಿನ ನರಸಮ್ಮನ ಜೊತೆ ಹಟ್ಟಿಗೆ ಹೋದೆ. ಹಟ್ಟಿಯ ಕಟ್ಟಳೆಯಂತೆ ಮುಳ್ಳುಬೇಲಿಯ ಹೊರಗೇ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟೆವು. ಈರಕ್ಕ ರಾಗಿ ಕೇರುತ್ತಿದ್ದಳು. ಮೊರ ನಿಲ್ಲಿಸಲಿಲ್ಲ.

"ಬಾರಮ್ಮ ಮಿಷಿನ್ನಮ್ಮ. ಇದೇನು ಬೀಗಿತೀನೂ ಕರ್ಕಂಡ್ ಬಂದಿದ್ದೀಯ?"

"ನಾನು ತಪ್ಪು ಹೇಳಿದೆ ಈರಕ್ಕ. ಏನೂ ಇಲ್ಲ ಅನ್ನಬಾರದಿತ್ತು. ಆ ಅರ್ಧ ಗಂಟೆಯಲ್ಲಿ ಏನೂ ಕಾಣಲಿಲ್ಲ, ಅಷ್ಟೇ. ಇನ್ನೊಂದು ಸಲ ನೋಡಬೇಕು."

"ಆವತ್ತು ಇಲ್ಲ ಅಂದೆ. ಇವತ್ತು ಐತೇನೋ ಅಂತೀಯ. ನಾಳೀಕೆ ಏನಂತೀಯ? ಇವಳಮ್ಮ ಅತ್ಲು, ನಿನ್ ಮನಸ್ ಕರಗ್ತು. ನಮ್ಮನೇಲೂ ಅಳೋರು ಅವ್ರೆ ಕಣಮ್ಮ."

ರಾಜಣ್ಣ ಒಳಗಿನಿಂದ ಬಂದ. "ಅಕ್ಕಾ, ನನ್ ತಾವ ಪುರಾವೆ ಐತೆ" ಎಂದು ಮೊಬೈಲು ಮುಂದೆ ಹಿಡಿದ. ಹೆಂಡತಿ ನಟಿಸುತ್ತಾಳೆಂದು ನ್ಯಾಯದಲ್ಲಿ ತೋರಿಸಲು ಮೂರು ವಿಡಿಯೊ ತೆಗೆದಿಟ್ಟಿದ್ದ. ಇವತ್ತು ರೋಗಿ ಒಳಗೆ ಬಂದ ಕೂಡಲೇ ವಿಡಿಯೊ ಇದೆಯೇ ಎಂದು ನೀವು ಕೇಳುತ್ತೀರಿ. ಆಗ ಅದು ನಮ್ಮ ಪ್ರಶ್ನೆಗಳ ಪಟ್ಟಿಯಲ್ಲೇ ಇರಲಿಲ್ಲ.

ಬೇಲಿಯ ಬಳಿ ಕಂಬಳಿ ಹಾಸಿಕೊಂಡು ಚಂದ್ರಕಲಾಳ ಮಾವ ಜುಂಜಣ್ಣ ಕುರಿಯೊಂದರ ಗೊರಸು ಕೆತ್ತುತ್ತಿದ್ದ. ಅಲ್ಲಿಯವರೆಗೂ ತಲೆಯೆತ್ತಿರಲಿಲ್ಲ. ಎದ್ದು ಬಂದು ಮಗನ ಭುಜದ ಮೇಲಿಂದ ನೋಡಿದ.

"ತಡೀಲಾ. ಇನ್ನೊಂದ್ಸಲ ಹಾಕು."

ಮೊದಲನೆಯದರಲ್ಲಿ ಅವಳು ನೀರಿನ ಕೊಡದ ಪಕ್ಕ ನಿಂತಿದ್ದಳು. ಬಾಯಿ ಅಗಿಯುತ್ತಿತ್ತು. ಬಲಗೈ ಸೆರಗನ್ನು ಕೀಳುತ್ತಿತ್ತು. ಎಡಗೈ ಮಾತ್ರ ಮಣಿಕಟ್ಟಿನಲ್ಲಿ ಸೊಟ್ಟಗೆ ತಿರುಗಿ ಕಡ್ಡಿಯಂತೆ ಸೆಟೆದಿತ್ತು. ಎರಡನೆಯದು ಬೇರೆ ದಿನ, ಬೇರೆ ಸೀರೆ. ಮೂರನೆಯದು ಮತ್ತೊಂದು ದಿನ.

"ಯಾವ್ ಕೈಲಾ ಸೆಟ್ಕಂಡಿರಾದು?" ಎಂದು ಜುಂಜಣ್ಣ ಕೇಳಿದ.

"ಎಡಗೈ ಕಣಪ್ಪ."

"ಮೂರ್ ಸಲಾನೂ?"

ರಾಜಣ್ಣ ಮತ್ತೆ ನೋಡಿದ. "ಮೂರ್ ಸಲಾನೂ."

"ಲೇ, ನಟನೆ ಮಾಡೋಳು ಒಂದ್ಸಲನಾರ ಕೈ ತಪ್ಪಾಕಿಲ್ವೇನ್ಲಾ?" ಜುಂಜಣ್ಣ ನನ್ನ ಕಡೆ ತಿರುಗಿದ. "ನಮ್ ಕುರೀಗೂ ಒಂದೊಂದ್ಸಲ ಇಂಗೇ ಬತ್ತದೆ ಕಣಮ್ಮ. ಮೇಯೋದ್ ಬುಟ್ಟು ಒಂದೇ ಕಡೀಕೆ ಸುತ್ತು ಹಾಕ್ತದೆ. ಬಲಕ್ಕೆ ಸುತ್ತಾದು ಸಾಯೋಗಂಟ ಬಲಕ್ಕೇ. ಸತ್ತ್ ಮ್ಯಾಕೆ ಬುರುಡೆ ಒಡೆದ್ ನೋಡಿವ್ನಿ. ಒಳಗೆ ನಿಂಬೆಹಣ್ಣಿನ್ ಗಾತ್ರ ನೀರ್ ಗುಳ್ಳೆ. ಅದೂ ಒಂದೇ ಕಡೆ. ಕುರಿ ಯಾರಿಗ್ ನಟನೆ ತೋರುಸ್ತದೆ?"

ಮಿದುಳಿನಲ್ಲಿ ಎಲ್ಲಿ ಪೆಟ್ಟು ಎಂಬುದನ್ನು ನಡತೆಯಿಂದ ಓದುವುದನ್ನು ನಾನು ನಾಲ್ಕು ವರ್ಷ ಓದಿ ಕಲಿತಿದ್ದೆ. ಅವನು ಮಂದೆಯ ಹಿಂದೆ ನಡೆದು ಕಲಿತಿದ್ದ. ಈರಕ್ಕನ ಮೊರ ನಿಂತಿತ್ತು.

ಆಗ ನಾನು ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆ ಕೇಳಿದೆ, ಅತ್ತೆಯನ್ನಲ್ಲ, ಚಂದ್ರಕಲಾಳನ್ನು. ಅವಳು ಮಗುವನ್ನೆತ್ತಿಕೊಂಡು ಬಾಗಿಲ ಪಕ್ಕ ನಿಂತಿದ್ದಳು.

"ಹಿಂಗಾಗೋಕೆ ಮುಂಚೆ ನಿನಗೇನಾದ್ರೂ ಗೊತ್ತಾಗುತ್ತಾ?"

"ಹೊಟ್ಟೆಯಿಂದ ಏನೋ ಎದ್ದಂಗಾಗ್ತದೆ ಅಕ್ಕ. ಸುಟ್ಟ ಉಣ್ಣೆ ವಾಸನೆ ಬರ್ತದೆ. ಸುತ್ತ ನೋಡ್ತೀನಿ, ಏನೂ ಸುಡ್ತಿರಲ್ಲ. ಆಮೇಲೆ ಗೊತ್ತಿಲ್ಲ. ಆವಾಗ ನಾನು ಇರಲ್ಲ ಅಕ್ಕ. ಇಲ್ದಿರೋಳನ್ನ ಯಾಕ್ ಮಾಡ್ದೆ ಅಂತ ಕೇಳ್ತಾರೆ."

ಎರಡು ದಿನ ಬಿಟ್ಟು ಜುಂಜಣ್ಣನೇ ಅವಳನ್ನು ಮಧುಗಿರಿಗೆ ಕರೆತಂದ. ಈರಕ್ಕನೂ ಬಂದಿದ್ದಳು. ಇಡೀ ರಾತ್ರಿ ಸೊಸೆಯನ್ನು ಎಬ್ಬಿಸಿಟ್ಟದ್ದು ತಾನೇ ಎಂದು ಹೆಮ್ಮೆಯಿಂದ ಹೇಳಿದಳು: "ತೂಕಡಿಸಿದ್ರೆ ಚಿವುಟ್ತಿದ್ದೆ. ಇಂಥಾ ಅವಕಾಶ ಅತ್ತೇರಿಗೆ ಸಿಗ್ತದಾ?" ಚಂದ್ರಕಲಾ ಕೂಡ ನಕ್ಕಳು.

ಬೆಂಚಿನ ಮೇಲೆ ಮಲಗಿದ ಎಂಟನೇ ನಿಮಿಷಕ್ಕೆ ಅವಳು ನಿದ್ದೆ ಹೋದಳು. ಹನ್ನೊಂದನೆಯದರಲ್ಲಿ ಬಲಗಿವಿಯ ಸುತ್ತಲ ಮೂರು ರೇಖೆಗಳಲ್ಲಿ ಮುಳ್ಳಿನಂತೆ ಚೂಪಾದ ಅಲೆ ಎದ್ದಿತು. ಮತ್ತೆ ಎದ್ದಿತು. ಅರ್ಧ ಗಂಟೆಯಲ್ಲಿ ಹತ್ತೊಂಬತ್ತು ಸಲ ಎಣಿಸಿದೆ, ಎಲ್ಲವೂ ಬಲಗಡೆ. ಬಲ ಮಿದುಳು ಎಡಗೈಯನ್ನು ಆಳುತ್ತದೆ.

ಕೋಣೆಯಿಂದ ಹೊರಗೆ ಬಂದೆ. ಈರಕ್ಕ ಎದ್ದು ನಿಂತಳು. "ಐತಾ?"

ಹೌದು ಎಂದಿದ್ದರೆ ಹೊರಗೆ ಕೂತಿದ್ದವರೆಲ್ಲರ ಎದೆಯ ಭಾರ ಇಳಿಯುತ್ತಿತ್ತು. "ಮೇಡಂ ನೋಡಿ ಹೇಳ್ತಾರೆ" ಎಂದೆ.

"ಏನಾರ ಕಂಡಿದ್ರೆ ಹೇಳ್ಬಾರ್ದಾ ತಾಯಿ?"

"ಮೇಡಂ ಹೇಳ್ತಾರೆ ಈರಕ್ಕ."

ಮೇಡಂ ಬರಲು ನಲವತ್ತು ನಿಮಿಷ ಹಿಡಿಯಿತು. ಆ ನಲವತ್ತು ನಿಮಿಷ ಸುಮ್ಮನೆ ಕೂತದ್ದು ನಾನು ಈ ಕೆಲಸದಲ್ಲಿ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಒಂದು ಎಂದು ಈಗಲೂ ನಂಬಿದ್ದೇನೆ.

ಮೇಡಂ ಫಿಟ್ಸು ಎಂದು ಹೇಳಿ ಮಾತ್ರೆ ಬರೆದರು, ತುಮಕೂರಿಗೆ ಸ್ಕ್ಯಾನಿಗೆ ಕಳಿಸಿದರು. ಶನಿವಾರ ಸ್ಕ್ಯಾನಿನ ಚಿತ್ರ ಬಂತು. ಬಲಗಡೆ ಕಿವಿಯ ಮೇಲ್ಭಾಗದ ಒಳಗೆ ಸಣ್ಣ ಗುಳ್ಳೆ, ಬಟಾಣಿಗಿಂತ ಚಿಕ್ಕದು, ಲಾಡಿಹುಳದ ಮರಿಯದು. ಜುಂಜಣ್ಣ ಚಿತ್ರವನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ನಮ್ ಕುರೀದೇನಾ ಇದು?"

"ಅಲ್ಲ. ಅದರ ದಾಯಾದಿ" ಎಂದರು ಮೇಡಂ. "ಕುರಿಯಿಂದ ಬಂದದ್ದಲ್ಲ, ಇದು ಹಂದಿಯ ಹುಳ."

ಈರಕ್ಕ ತಕ್ಷಣ ಅಂದಳು, "ನಾವು ಹಂದಿ ಗಿಂದಿ ಮುಟ್ಟೋರಲ್ಲ ತಾಯಿ!"

"ಮುಟ್ಟಬೇಕಿಲ್ಲಮ್ಮ. ಹೊಟ್ಟೆಯಲ್ಲಿ ಆ ಹುಳ ಇರೋ ಯಾರೋ ಬಯಲಿಗೆ ಹೋಗಿ ಕೈ ತೊಳೆಯದೇ ಇದ್ದರೆ ಸಾಕು. ಆ ಮೊಟ್ಟೆ ನೀರಲ್ಲಿ, ತೊಳೆಯದ ಸೊಪ್ಪಲ್ಲಿ ಯಾರ ಬಾಯಿಗಾದರೂ ಹೋಗುತ್ತೆ."

ಸೋಮವಾರ ಹಟ್ಟಿಯ ಕಟ್ಟೆಯ ಮೇಲೆ ನ್ಯಾಯ ಸೇರಿತು. ಕರೆದಾಗಿದ್ದರಿಂದ ನಿಲ್ಲಿಸುವ ಹಾಗಿರಲಿಲ್ಲ. ಮೇಡಂ ಬರಲಿಲ್ಲ. "ನಿನ್ನ ಬಾಯಿಂದ ಹೋದದ್ದನ್ನ ನೀನೇ ವಾಪಸ್ ತಗೋ. ಅವರು ಕೇಳಿದ್ದಕ್ಕೆ ನಾನು ಹೇಳಿಕೊಟ್ಟಷ್ಟು ಹೇಳು, ಒಂದು ಗುಲಗಂಜಿಯಷ್ಟೂ ಹೆಚ್ಚಿಗೆ ಬೇಡ" ಎಂದಿದ್ದರು. ನಾಲ್ಕು ಜನರ ಮುಂದೆ ಮಾತಾಡುವುದು ನನ್ನ ಸ್ವಭಾವವಲ್ಲ. ನಿಂತುಕೊಂಡು, ಏನು ಹೇಳಿದ್ದೆ, ಅದು ಹೇಗೆ ತಪ್ಪು, ಈಗ ಏನು ಕಂಡಿದೆ ಎಂದು ಮೂರು ಮಾತಿನಲ್ಲಿ ಹೇಳಿದೆ.

ಹಿರಿಯರೊಬ್ಬರು ಕೇಳಿದರು, "ಮಾತ್ರೆ ನುಂಗಿದ್ರೆ ವಾಸಿ ಆಯ್ತದಾ?"

"ಬಹಳ ಜನಕ್ಕೆ ಹತೋಟಿಗೆ ಬರುತ್ತೆ. ಇವಳಿಗೆ ಬಂದೇ ಬರುತ್ತೆ ಅಂತ ನಾನು ಹೇಳಲಾರೆ. ಒಂದು ದಿನವೂ ತಪ್ಪಿಸಬಾರದು. ಬೇಕಂತ ಮಾಡಿದ್ದಲ್ಲ ಅನ್ನೋದು ಮಾತ್ರ ಖಂಡಿತ."

"ಅದಷ್ಟೇ ಸಾಕು" ಎಂದ ಜುಂಜಣ್ಣ. "ನನ್ ಸೊಸೆ ಸುಳ್ಳುಗಾತಿ ಅಲ್ಲ. ಮಗೀನ ತಾಯಿಯಿಂದ ಬಿಡುಸೋ ಮಾತು ಇವತ್ತಿಗ್ ಮುಗೀತು."

ಹಿರಿಯರು ಚಂದ್ರಕಲಾಳನ್ನು ನೀನೇನಂತೀಯ ಎಂದು ಕೇಳಿದರು. ಅವಳು ತಲೆ ತಗ್ಗಿಸಿಯೇ ಹೇಳಿದಳು, ಆದರೆ ದನಿ ತಗ್ಗಿಸಲಿಲ್ಲ.

"ಮಗೀನ ಕರ್ಕಂಡು ಎರಡು ತಿಂಗಳು ಅಮ್ಮನ ಮನೇಗ್ ಹೋಗ್ತೀನಿ. ಮಾತ್ರೆ ಒಗ್ಗಲಿ. ಆಮೇಲೆ, ಬೇಕಂತ ಮಾಡ್ತಾಳೆ ಅಂದೋರೇ ಬಂದು ಕರೀಲಿ."

"ನಾನಾ?" ಎಂದಳು ಈರಕ್ಕ. "ನಾಗಲಮಡಿಕೆಗಂಟ ನಾನ್ ಬಸ್ ಹತ್ತಬೇಕಾ, ಮಹಾರಾಣೀನ ಕರಿಯಾಕೆ?"

ಯಾರೋ ನಕ್ಕರು. ಈರಕ್ಕ ನಗಲಿಲ್ಲ. ಎರಡೂವರೆ ತಿಂಗಳಾದ ಮೇಲೆ ಅವಳೇ ಹೋಗಿ ಕರೆತಂದಳೆಂದು ಆಮೇಲೆ ಕೇಳಿದೆ. ಅಷ್ಟರಲ್ಲಿ ಚಂದ್ರಕಲಾಗೆ ಒಂದೇ ಒಂದು ಸಲ, ಅದೂ ಬರೀ ವಾಸನೆಯಷ್ಟು ಬಂದು ಹೋಗಿತ್ತಂತೆ.

ನ್ಯಾಯದ ಮರುದಿನ ಬೆಳಿಗ್ಗೆ ಎಂಟಕ್ಕೆ, ಯಾರೂ ಬರುವ ಮುಂಚೆ, ಮಧುಗಿರಿಯ ಕೋಣೆ ತೆರೆದು ಮೂರು ವರ್ಷದ ರೋಗಿಗಳ ಪುಸ್ತಕಗಳನ್ನು ಮೇಜಿನ ಮೇಲೆ ಹರಡಿಕೊಂಡೆ. ಹೆಸರಿನ ಮುಂದೆ ರೇಖೆ ಸರಿಯಿದೆ ಎಂದಿದ್ದು, ಆಮೇಲೆ ಒಮ್ಮೆಯೂ ಮರಳಿ ಬಾರದವರನ್ನು ಹುಡುಕಿದೆ. ಹನ್ನೊಂದು ಹೆಸರು ಸಿಕ್ಕವು. ಅವರಲ್ಲಿ ಎಷ್ಟು ಜನಕ್ಕೆ ಬಾಯಿಬಿಟ್ಟು ಏನೂ ಇಲ್ಲ ಅಂದಿದ್ದೆನೋ ನೆನಪಾಗಲಿಲ್ಲ. ಹೆಸರು, ಊರು ಒಂದು ಹಾಳೆಗೆ ಇಳಿಸಿ, ಮೇಡಂ ಮೇಜಿನ ಮೇಲೆ ರಜೆ ಚೀಟಿ ಇಟ್ಟು, ಬಸ್ ನಿಲ್ದಾಣಕ್ಕೆ ನಡೆದೆ. ಮೊದಲ ಹೆಸರು ಬಡವನಹಳ್ಳಿಯ ಪಕ್ಕದ ಊರಿನ ಒಬ್ಬ ಹೆಂಗಸಿನದು. ಬಸ್ಸಿಳಿದ ಕೂಡಲೇ ಹೂವು ಕಟ್ಟುತ್ತಿದ್ದವಳೊಬ್ಬಳನ್ನು ಆ ಹೆಂಗಸಿನ ಮನೆ ಎಲ್ಲಿ ಎಂದು ಕೇಳಿದೆ.